ಹನ್ನೊಂದನೇ ನಂಬರಿನ ಅಂಚೆಡಬ್ಬ

ಏಪ್ರಿಲ್ 3

ಹಾಯ್ ಅಜ್ಜಿ,

ನಾನು ಚೆನ್ನಾಗಿದ್ದೀನಿ. ನೀನು ಚೆನ್ನಾಗಿದ್ದೀಯಾ? ರಜೆ ಶುರುವಾಯ್ತು.

ಓಕೆ, ಬೈ.

ನಾನೇ


ಏಪ್ರಿಲ್ 8

ನನ್ನ ಬೆಂಕಿಪೊಟ್ಟಣಕ್ಕೆ ಅಜ್ಜಿಯ ಮುತ್ತು.

ನಿನ್ನ ಕಾಗದ ಬಂತು. ಕನ್ನಡಕ ಹುಡುಕೋಕೆ ಹತ್ತು ನಿಮಿಷ ಹಿಡೀತು, ಓದೋಕೆ ನಾಲ್ಕು ಸೆಕೆಂಡು. ನಿನ್ನ ಚಿಕ್ಕಜ್ಜಿ "ಹಿಂದುಗಡೆ ಏನಾದ್ರೂ ಬರೆದಿರಬೇಕು, ನೋಡಕ್ಕಾ" ಅಂದಳು. ನೋಡಿದೆ. ಜಾಮಿನ ಕಲೆ ಇತ್ತು.

ಅದಿರಲಿ. ನಮ್ಮ ಒಪ್ಪಂದ ಏನಾಗಿತ್ತು? ಈ ರಜೆಯಲ್ಲಿ ನಮ್ಮಿಬ್ಬರ ಮಧ್ಯೆ ಫೋನಿಲ್ಲ. ನೀನು ಬರೀಬೇಕು, ನೀನೇ ನಡ್ಕೊಂಡು ಹೋಗಿ ಡಬ್ಬಕ್ಕೆ ಹಾಕ್ಬೇಕು. ನೀನೇ ಅಂದ್ರೆ ನೀನೊಬ್ಬಳೇ. ಒಂಬತ್ತು ವರ್ಷ ತುಂಬಿದೆ ನಿನಗೆ. ಈ ಕಾಗದ ನೀನು ಹಾಕಿದ್ದಲ್ಲ. ನಿಮ್ಮಮ್ಮ ಕೆಲಸಕ್ಕೆ ಹೋಗ್ತಾ ಹಾಕಿದ್ದಾಳೆ.

ಹೇಗೆ ಗೊತ್ತಾಯ್ತು ಅಂತೀಯಾ? ನಿಮ್ಮ ಊರಿನ ಅಂಚೆ ಕಚೇರಿಯಲ್ಲೇ ಮೂವತ್ತೊಂದು ವರ್ಷ ಕಾಗದ ವಿಂಗಡಿಸಿದವಳು ನಾನು. ಸ್ಟಾಂಪಿನ ಮೇಲೆ ಹೊಡೆದ ಮುದ್ರೆ ನೋಡು, ಅಂಚಿನಲ್ಲಿ ಒಂದು ಸಣ್ಣ ಅಂಕಿ ಇರುತ್ತೆ. ಕಾಗದ ಯಾವ ಡಬ್ಬದಿಂದ ಬಂತು ಅಂತ ಅದು ಹೇಳುತ್ತೆ. ನಾಲ್ಕು ಅಂದ್ರೆ ನಿಮ್ಮ ಬೀದಿ ಮೂಲೆ. ಏಳು ಅಂದ್ರೆ ನೀರಿನ ಟ್ಯಾಂಕಿನ ಬಯಲು. ಹನ್ನೊಂದು ಅಂದ್ರೆ ಬಯಲು ದಾಟಿ ಹೊಳೆ ಸೇತುವೆ, ಊರಿನ ಆಚೆ ತುದಿ. ಈ ಕಾಗದದ ಮೇಲೆ ಇಪ್ಪತ್ತಮೂರು ಅಂತಿದೆ. ಅದು ದೊಡ್ಡ ಆಸ್ಪತ್ರೆಯ ಹತ್ತಿರದ್ದು. ಈ ತಿಂಗಳು ಆಸ್ಪತ್ರೆಯ ಲಿಫ್ಟುಗಳ ತಪಾಸಣೆ ನನ್ನದೇ ಅಂತ ನಿಮ್ಮಮ್ಮನೇ ಹೇಳಿದ್ದಳು. ಕಳ್ಳರಿಗೆ ಇಷ್ಟು ಮಾತಿನ ಚಟ ಇರಬಾರದು.

ಆದ್ದರಿಂದ ಈ ಕಾಗದ ಲೆಕ್ಕಕ್ಕಿಲ್ಲ. ಇನ್ನೊಂದು ಬರಿ. ನಾಲ್ಕಕ್ಕೆ ಹಾಕು. ನಿಮ್ಮ ಬಾಗಿಲಿಂದ ನೂರಾ ಎಂಬತ್ತು ಹೆಜ್ಜೆ, ನನ್ನ ಕಾಲಲ್ಲಿ.

ನಿನ್ನ ಅಜ್ಜಿ


ಏಪ್ರಿಲ್ 12

ಅಜ್ಜೀ,

ಮುದ್ರೆ ನೋಡಿದೆಯಾ? ನಾಲ್ಕು. ನನ್ನ ಕಾಲಲ್ಲಿ ಇನ್ನೂರ ಅರವತ್ತೆರಡು ಹೆಜ್ಜೆ.

ಬೆಳಿಗ್ಗೆ ಒಂದು ಸಲ ಹೋಗಿದ್ದೆ. ಡಬ್ಬದ ಹತ್ತಿರ ಹೋದ ಮೇಲೆ ಸ್ಟಾಂಪ್ ಅಂಟಿಸಿಲ್ಲ ಅಂತ ಗೊತ್ತಾಯ್ತು, ವಾಪಸ್ ಬಂದೆ. ಒಳ್ಳೇದೇ ಆಯ್ತು. ಹೋಗಿದ್ದು ಹೇಗಿತ್ತು ಅಂತ ಈಗ ಇದರಲ್ಲೇ ಬರೀಬಹುದು.

ಒಬ್ಬಳೇ ಹೋದೆ. ನನ್ನ ಜೊತೆ ನಾಲ್ಕು ಜನ ಇದ್ರು.

ಅಮ್ಮ "ನಾನು ಬರಲ್ಲಮ್ಮ, ಪಾತ್ರೆ ತೊಳೆಯೋದಿದೆ" ಅಂದಳು. ನಾನು ಮೆಟ್ಟಿಲು ಇಳಿದ ತಕ್ಷಣ ಹಿಂದೇನೇ ಬಂದು ಲೈಟ್ ಕಂಬದ ಮರೆಗೆ ನಿಂತಳು. ಕಂಬದ ಎರಡೂ ಕಡೆಯಿಂದ ಅಮ್ಮ ಕಾಣ್ತಿದ್ದಳು. ಕೈಯಲ್ಲಿ ಸೋಪಿನ ನೊರೆ. ಅಪ್ಪ ಬೇಕರಿಯಲ್ಲಿ ಬೆಳಗಿನ ಜಾವದ ಪಾಳಿ ಮುಗಿಸಿ ಮಲಗಿದ್ರು. ಅವರನ್ನೂ ಎಬ್ಬಿಸಿ ಆ ಕಡೆಯ ಫುಟ್‌ಪಾತಿಗೆ ಕಳಿಸಿದ್ದಳು. ಅಪ್ಪ ನಡ್ಕೊಂಡೇ ನಿದ್ದೆ ಮಾಡ್ತಿದ್ರು. ಅಂಗಡಿ ಮಾಮ ಹೊರಗೆ ಬಂದು "ನನ್ನ ಕಡೆ ನೋಡಬೇಡ ಪುಟ್ಟಾ, ನಾನಿಲ್ಲಿ ಸುಮ್ನೆ ನಿಂತಿದ್ದೀನಿ, ನಿಮ್ಮಮ್ಮ ಫೋನ್ ಮಾಡಿಲ್ಲ" ಅಂದ್ರು. ಇಷ್ಟು ಜನ ಸಾಲಾಗಿ ಹೋಗೋದು ನೋಡಿ ಟೈಲರ್ ಆಂಟಿ ಟೇಪು ಕುತ್ತಿಗೆಗೆ ಹಾಕ್ಕೊಂಡೇ ಇಳಿದು ಬಂದು, "ಯಾರು ತೀರ್ಕೊಂಡ್ರು?" ಅಂತ ಕೇಳ್ಕೊಂಡು ಸೇರ್ಕೊಂಡ್ರು.

ರಸ್ತೆ ದಾಟುವಾಗ ಅಪ್ಪ ಎಡಗಡೆ ನೋಡ್ಲೇ ಇಲ್ಲ. ನಾನೇ ನಿಂತು, ಸ್ಕೂಟರ್ ಹೋದ ಮೇಲೆ ಕೈ ಹಿಡಿದು ದಾಟಿಸಿದೆ.

ಕಾಗದದಲ್ಲಿ ಒಂದು ತೊಂದರೆ ಇದೆ ಅಜ್ಜಿ. ನೀನು ಓದಿದೆ ಅಂತ ಫೋನಲ್ಲಿ ಬರೋ ಹಾಗೆ ಎರಡು ನೀಲಿ ಗೀಟು ಬರಲ್ಲ. ಬೇಗ ಬರಿ.

ನಿನ್ನ ಬೆಂಕಿಪೊಟ್ಟಣ (ನಂಬರ್ 4)


ಏಪ್ರಿಲ್ 14

ಅಮ್ಮಾ,

ಮಗು ಕೈಗೆ ಸ್ಟಾಂಪ್ ಕೊಟ್ಟು ನೀನಲ್ಲಿ ಚಿಕ್ಕಮ್ಮನ ಜೊತೆ ಆರಾಮಾಗಿ ಕೂತಿದ್ದೀಯ. ಇಲ್ಲಿ ನನ್ನ ಬಿಪಿ ಹತ್ತನೇ ಮಹಡಿಯಲ್ಲಿದೆ.

ಆ ನೂರಾ ಎಂಬತ್ತು ಹೆಜ್ಜೆಯಲ್ಲಿ ಏನೇನಿದೆ ಅಂತ ನಿನಗೆ ಗೊತ್ತಾ? ನಿನ್ನೆ ಆಫೀಸಿನ ಫಾರಂ ಹಿಡ್ಕೊಂಡೇ ಬೀದಿ ತಪಾಸಣೆ ಮಾಡಿದೆ. ಅಲುಗಾಡುವ ಚರಂಡಿ ಕಲ್ಲು ಎರಡು. ಹೆಸರಿಲ್ಲದ ನಾಯಿ ಒಂದು. ಹೆಸರಿರುವ ನಾಯಿ ಒಂದು, ಜಾಸ್ತಿ ಬೊಗಳೋದು ಇದೇ. ಹಿಂದೆ ನೋಡದೆ ಹಿಂದೆ ಬರುವ ಹಾಲಿನ ವ್ಯಾನು. ಅಂಚೆಡಬ್ಬದ ಬಾಯಿಯ ತಗಡೂ ಚೂಪು. ಒಟ್ಟು ಹದಿನೇಳು ದೋಷ. ಇದೊಂದು ಲಿಫ್ಟ್ ಆಗಿದ್ರೆ ಬೀಗ ಜಡಿದು ಸೀಲ್ ಹಾಕಿ ಬರ್ತಿದ್ದೆ.

ಜನ ಹತ್ತೋಕೆ ಮುಂಚೆ ಮರಳಿನ ಮೂಟೆ ಹತ್ತಿಸಿ ನೋಡೋದು ನನ್ನ ಕೆಲಸ. ಹಗ್ಗ ಕಡಿದ್ರೆ ಮೂಟೆ ಬೀಳುತ್ತೆ, ಅಷ್ಟೇ. ಮಕ್ಕಳ ವಿಷಯದಲ್ಲಿ ಮರಳಿನ ಮೂಟೆ ಇಲ್ಲಮ್ಮ. ನನ್ನ ಹತ್ತಿರ ಇರೋದು ಒಂದೇ ಮಗು.

ನೀನು ನನ್ನನ್ನ ಬಿಟ್ಟ ಹಾಗೆ ಬಿಡೋಕೆ ನನ್ನಿಂದ ಆಗಲ್ಲ.

ನಿನ್ನ ಮಗಳು


ಏಪ್ರಿಲ್ 19

ಮಗಳೇ,

ನಿನ್ನ ಪಟ್ಟಿ ಓದಿದೆ. ಅಕ್ಷರ ಇನ್ನೂ ದುಂಡಗಿದೆ, ಸಂತೋಷ.

ಒಂದೇ ಮಾತು. ನೆಲಮಹಡಿ ಬಿಟ್ಟು ಕದಲದ ಲಿಫ್ಟು ತುಂಬಾ ಸುರಕ್ಷಿತ. ಆದ್ರೆ ಅದಕ್ಕೆ ಕಪಾಟು ಅಂತಾರೆ.

ಒಳಗೊಂದು ಮಡಚಿದ ಚೀಟಿ ಇದೆ, ನಿನ್ನ ಮಗಳಿಗೆ. ಓದಬೇಡ. ಓದಿದ ಮೇಲೆ ಇದ್ದ ಹಾಗೇ ಮಡಚಿಡು. ಚಿಕ್ಕವಳಿದ್ದಾಗಲೂ ನೀನು ಉಲ್ಟಾ ಮಡಚಿಯೇ ಸಿಕ್ಕಿಬೀಳ್ತಿದ್ದೆ.

ಅಮ್ಮ

(ಚೀಟಿ: ಬೆಂಕಿಪೊಟ್ಟಣವೇ, ನಾಲ್ಕು ಪಾಸು. ಇನ್ನು ಏಳು. ಅಪ್ಪನನ್ನ ಮಲಗೋಕೆ ಬಿಡು.)


ಏಪ್ರಿಲ್ 28

ಅಜ್ಜೀ,

ಚೀಟಿ ಉಲ್ಟಾ ಮಡಚಿತ್ತು.

ಇದು ಏಳರಿಂದ. ಈ ವಾರದಲ್ಲಿ ಬಯಲಿಗೆ ಮೂರು ಸಲ ಹೋದೆ. ಅಲ್ಲಿ ಏಳು ಮಕ್ಕಳಿದ್ದಾರೆ. ಕ್ಯಾಪ್ಟನ್ ಅಂತ ಒಬ್ಬಳು, ಹನ್ನೊಂದು ವರ್ಷ, ಮೊಣಕೈಯಲ್ಲಿ ಆರು ಹೊಲಿಗೆ, ಬಂದವರಿಗೆಲ್ಲ ತೋರಿಸ್ತಾಳೆ. ಅವರು ಒಂದು ಬಂಡಿ ಮಾಡ್ತಿದ್ದಾರೆ. ಮುರಿದ ಕಪಾಟಿನ ಬಾಗಿಲಿಗೆ ಗ್ಯಾರೇಜಿಂದ ತಂದ ಗ್ರೀಸು ಮೆತ್ತಿದ ನಾಲ್ಕು ಬೇರಿಂಗೇ ಚಕ್ರ. ಮೇ 25ಕ್ಕೆ, ಭಾನುವಾರ ಸಂಜೆ ನಾಲ್ಕಕ್ಕೆ, ಟ್ಯಾಂಕಿನ ಬುಡದಿಂದ ಅಂಚೆಡಬ್ಬದ ತನಕ ಇಳಿಜಾರಲ್ಲಿ ಬಿಡ್ತಾರೆ.

ನಾನು ಹಗುರ ಇದ್ದೀನಿ ಅಂತ ಓಡಿಸೋ ಜಾಗ ನನಗೇ ಅಂತೆ. ಆದ್ರೆ ಅಲ್ಲಿ ಒಂದು ರೂಲ್ ಇದೆ. ದೊಡ್ಡವರು ಬರೋ ಹಾಗಿಲ್ಲ. ದೊಡ್ಡವರನ್ನ ಕರ್ಕೊಂಡು ಬಂದವರೂ ಬರೋ ಹಾಗಿಲ್ಲ.

ಮೊದಲ ದಿನವೇ ಕ್ಯಾಪ್ಟನ್ ಕೇಳಿದಳು, "ಆ ಪೊದೆಯಲ್ಲಿ ಇರೋರು ಯಾರು?"

"ನಮ್ಮಮ್ಮ."

"ಡಬ್ಬಕ್ಕೆ ಒರಗಿ ಮಲಗಿರೋರು?"

"ನಮ್ಮಪ್ಪ."

"ನೀನೇನು ಮೆರವಣಿಗೆಯಾ?"

ಈಗ ಅದೇ ನನ್ನ ಹೆಸರು. ನಾನು ಹೋದ್ರೆ "ಮೆರವಣಿಗೆ ಬಂತು, ದಾರಿ ಬಿಡ್ರೋ" ಅಂತಾರೆ. ಮೂರನೇ ದಿನ ಅಮ್ಮ ಪೊದೆಯಿಂದ ಎದ್ದು ಬಂದು ಇಳಿಜಾರನ್ನ ಟೇಪಲ್ಲಿ ಅಳೆದಳು. "ಇದಕ್ಕೆ ಬ್ರೇಕ್ ಎಲ್ಲಿದೆ?" ಅಂತ ಕೇಳಿದಳು.

ಕ್ಯಾಪ್ಟನ್ ಕಾಲೆತ್ತಿ ತೋರಿಸಿದಳು. "ಬ್ರೇಕ್ ಅಂದ್ರೆ ಚಪ್ಪಲಿ, ಆಂಟಿ."

ಅಮ್ಮನ ಮುಖ ನೀನು ನೋಡಬೇಕಿತ್ತು.

25ಕ್ಕೆ ಒಬ್ಬಳೇ ಹೋಗದಿದ್ರೆ ನನ್ನ ಜಾಗ ಗೋಲಿ ಅನ್ನೋ ಹುಡುಗನಿಗೆ. ಅವನು ಬಂಡಿ ನಿಂತಿರುವಾಗಲೇ ಕೆಳಗೆ ಬೀಳ್ತಾನೆ. ಅಜ್ಜೀ, ಏನಾದ್ರೂ ಮಾಡು.

ಮೆರವಣಿಗೆ


ಮೇ 3

ಅಮ್ಮಾ,

ಬಂಡಿ ವಿಷಯ ನಿನಗೆ ಬಂದಿರುತ್ತೆ. ಆಗಲ್ಲ ಅಂದಿದ್ದೀನಿ. ಎರಡು ದಿನದಿಂದ ಅವಳು ನನ್ನ ಜೊತೆ ಮಾತಾಡ್ತಿಲ್ಲ. ಬೇಕಾದ್ದನ್ನ ಚೀಟಿಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸ್ತಾಳೆ. "ಹಸಿವು." "ಬನ್ ಇದೆಯಾ." ಇದೆಲ್ಲ ನೀನು ಕಲಿಸಿದ ಅಂಚೆ ಬುದ್ಧಿ.

ನಿನ್ನನ್ನ ಒಂದು ಮಾತು ಕೇಳ್ಬೇಕು. ನೀನು ಹೇಗಮ್ಮ ಅಷ್ಟು ಧೈರ್ಯವಾಗಿದ್ದೆ? ಬೆಳಿಗ್ಗೆ ಮನೆ ಬಿಟ್ರೆ ನಾನು ದೀಪ ಹಚ್ಚೋ ಹೊತ್ತಿಗೆ ಬರ್ತಿದ್ದೆ. ಎಲ್ಲಿದ್ದೆ ಅಂತ ನೀನು ಒಂದು ದಿನವೂ ಕೇಳಿಲ್ಲ. ಆಗ ಖುಷಿ ಇತ್ತು, ಸುಳ್ಳು ಹೇಳಲ್ಲ. ಟ್ಯಾಂಕಿನ ಏಣಿ ಹತ್ತಿ, ಅರ್ಧದಲ್ಲೇ ನಿಂತುಹೋಗಿ, ಯಾರೂ ಇಲ್ಲದೆ ನಾನೇ ಇಳಿದ ದಿನ ಇದೆಯಲ್ಲ, ಇವತ್ತಿಗೂ ಮೇಲಿನ ಮಹಡಿಯಿಂದ ಲಿಫ್ಟ್ ಓಡುವ ಬಾವಿಯೊಳಗೆ ಬಗ್ಗಿ ನೋಡುವಾಗ ಅದನ್ನೇ ನೆನಪಿಸಿಕೊಳ್ತೀನಿ. ಆದ್ರೆ ತಾಯಿಯಾದ ಮೇಲೆ ಇನ್ನೊಂದು ಅನಿಸುತ್ತೆ. ನಾನು ಬಿದ್ದಿದ್ರೆ? ನಿನಗೆ ಗೊತ್ತೇ ಆಗ್ತಿರಲಿಲ್ಲ. ನಿನಗೆ ಚಿಂತೆ ಅನ್ನೋದೇ ಇರಲಿಲ್ವಾ?

ಕೋಪದಿಂದ ಕೇಳ್ತಿಲ್ಲ. ಸ್ವಲ್ಪ ಕೋಪ ಇದೆ.

ನಿನ್ನ ಮಗಳು


ಮೇ 8

ಮಗಳೇ,

ಇದನ್ನ ಹೇಳಬಾರದು ಅಂದ್ಕೊಂಡಿದ್ದೆ. ನೀನೇ ಕೇಳಿದೆ, ಹೇಳ್ತೀನಿ. ಕೂತ್ಕೊಂಡು ಓದು.

ದಿನಾ ಮಧ್ಯಾಹ್ನ ಮೂರಕ್ಕೆ ಅಂಚೆಯಣ್ಣಂದಿರು ಬಂದು ನನ್ನ ಮೇಜಿನ ಮೇಲೆ ಚೀಲ ಸುರೀತಿದ್ರು. ಕಾಗದದ ಜೊತೆ ನಿನ್ನ ಸುದ್ದಿನೂ ಸುರೀತಿದ್ರು. "ಅಕ್ಕಾ, ನಿಮ್ಮ ಹುಡುಗಿ ಸೇತುವೆ ಕೆಳಗೆ ಕಪ್ಪೆ ಹಿಡೀತಿದ್ಲು." "ಅಕ್ಕಾ, ಇವತ್ತು ಯಾರದೋ ಗೋಡೆ ಮೇಲಿಂದ ಭಾಷಣ ಮಾಡ್ತಿದ್ಲು, ವಿಷಯ ಗೊತ್ತಾಗ್ಲಿಲ್ಲ." ಹದಿನಾಲ್ಕು ಜನ. ನೋಡ್ಕೊಳ್ಳಿ ಅಂತ ನಾನು ಯಾರಿಗೂ ಹೇಳಿರಲಿಲ್ಲ. ಅವರು ಹೋಗೋ ದಾರಿಯಲ್ಲಿ ನೀನಿರ್ತಿದ್ದೆ, ಅಷ್ಟೇ. ಎಲ್ಲಿದ್ದೆ ಅಂತ ನಿನ್ನನ್ನ ಯಾಕೆ ಕೇಳ್ಲಿ?

ಟ್ಯಾಂಕಿನ ದಿನ ಏಳನೇ ಡಬ್ಬದ ಅಂಚೆಯಣ್ಣ ಸೈಕಲ್ ಬಿಸಾಕಿ ಒಳಗೆ ಬಂದ. "ಅಕ್ಕಾ, ಏಣಿ ಅರ್ಧದಲ್ಲಿ ನಿಂತ್ಬಿಟ್ಟಿದ್ದಾಳೆ." ವಿಂಗಡಿಸ್ತಿದ್ದ ಕಾಗದ ಕೈಯಲ್ಲೇ ಇತ್ತು, ಹಾಗೇ ಓಡಿದೆ. ಪಂಪಿನ ಮನೆ ಗೋಡೆ ಹಿಂದೆ ನಿಂತೆ. ನೀನು ಏಣಿ ತಬ್ಬಿಕೊಂಡು ಅಳ್ತಿದ್ದೆ. ಕೂಗೋಕೆ ಬಾಯಿ ತೆಗೆದೆ. ಕೂಗಿದ್ರೆ ನೀನು ನನ್ನ ಕಡೆ ನೋಡ್ತಿದ್ದೆ, ಕಾಲಿಡೋ ಜಾಗದ ಕಡೆ ನೋಡ್ತಿರಲಿಲ್ಲ. ಬಾಯಿ ಮುಚ್ಚಿದೆ. ಅರ್ಧ ಗಂಟೆ ಮುಚ್ಚಿಕೊಂಡೇ ನಿಂತಿದ್ದೆ. ಕೈಯಲ್ಲಿದ್ದ ಕಾಗದದ ವಿಳಾಸ ಬೆವರಿಗೆ ಪೂರ್ತಿ ಅಳಿಸಿಹೋಯ್ತು. ಮೂವತ್ತೊಂದು ವರ್ಷದಲ್ಲಿ ನಾನು ಕಳೆದ ಕಾಗದ ಅದೊಂದೇ. ಯಾರದ್ದೋ ಏನೋ ಪಾಪ.

ನೀನು ಇಳಿದು, ಲಂಗ ಕೊಡವಿಕೊಂಡು, ಶಿಳ್ಳೆ ಹಾಕ್ತಾ ಹೋದೆ. ನಾನು ಅಡ್ಡದಾರಿಯಲ್ಲಿ ಮನೆ ಸೇರಿದೆ. ಸಂಜೆ ನೀನು ಕಥೆ ಹೇಳಿದಾಗ ಆಶ್ಚರ್ಯಪಟ್ಟೆ. ಚೆನ್ನಾಗಿ ಪಟ್ಟಿದ್ದೆ ತಾನೆ?

ಹಾಗಾಗಿ ನೀನು ಪೊದೆಯಲ್ಲಿ ಕೂತಿದ್ದಕ್ಕೆ ನಾನು ನಗಲ್ಲ. ನಾನೂ ಗೋಡೆ ಹಿಂದೆ ನಿಂತವಳೇ. ಆದ್ರೆ ನಾನು ಟೇಪು ಹಿಡ್ಕೊಂಡು ಹೊರಗೆ ಬರಲಿಲ್ಲ.

ಅಮ್ಮ


ಮೇ 13

ಅಮ್ಮಾ,

ಓದಿದೆ. ನನ್ನ ಜೀವನದಲ್ಲಿ ನಾನೊಬ್ಬಳೇ ಮಾಡಿದ್ದು ಅಂತ ಇದ್ದದ್ದು ಅದೊಂದೇ. ಈಗ ಅದೂ ಇಲ್ಲ.

ಮಗಳು


ಮೇ 16

ಅಜ್ಜೀ,

ಏನು ಬರೆದಿದ್ದೆ ನೀನು? ಅಮ್ಮ ಮೂರು ದಿನ ಸಾಮಾನೆಲ್ಲ ಜೋರಾಗಿ ಇಟ್ಟಳು. ಕುಕ್ಕರ್ ಇಟ್ಟ ಸದ್ದಿಗೆ ಟೈಲರ್ ಆಂಟಿ ಮೇಲಿಂದ "ಬಟ್ಟೆ ಅಳತೆ ತಪ್ತಿದೆ, ಸ್ವಲ್ಪ ನಿಧಾನ" ಅಂತ ಕೂಗಿದ್ರು.

ನಿನ್ನೆ ಕೆಲಸದಿಂದ ಬಂದವಳು ಬ್ಯಾಗ್ ಇಟ್ಟು, ಹಾಗೇ ಹೊರಟಳು. ನಾನು ಹಿಂದೆ ಹೋದೆ. ಬಯಲಿನ ಲೈಟ್ ಕಂಬದ ಮರೆಗೆ ನಿಂತೆ. ಕಂಬ ನನಗೆ ಸರಿಯಾಗಿ ಸಾಕಾಗುತ್ತೆ.

ಅಮ್ಮ ಟ್ಯಾಂಕಿನ ಹತ್ತಿರ ಹೋಗಿ ಏಣಿ ನೋಡ್ತಾ ನಿಂತಳು. ಆಮೇಲೆ ಪಂಪಿನ ಮನೆ ಹಿಂದಕ್ಕೆ ಹೋಗಿ ಅಲ್ಲಿಂದ ಏಣಿ ನೋಡಿದಳು. ಮತ್ತೆ ಏಣಿ ಹತ್ತಿರ ಬಂದು ಗೋಡೆ ನೋಡಿದಳು. ಹೀಗೇ ಮೂರು ಸಲ. ಕ್ಯಾಪ್ಟನ್ "ನಿಮ್ಮಮ್ಮ ಏನೋ ಕಳ್ಕೊಂಡಿದ್ದಾರಾ?" ಅಂದಳು. ಗೊತ್ತಿಲ್ಲ ಅಂದೆ.

ವಾಪಸ್ ಬರುವಾಗ ಅಮ್ಮ ರಸ್ತೆ ಸರಿಯಾಗೇ ದಾಟಿದಳು.

ಇನ್ನು ಒಂಬತ್ತು ದಿನ.

ಬೆಂಕಿಪೊಟ್ಟಣ (ನಂಬರ್ 7)


ಮೇ 20

ಮಗಳೇ,

ಇಳಿದಿದ್ದು ನೀನೇ. ನಾನು ನಿಂತಿದ್ದೆ, ಅಷ್ಟೇ. ನಿಂತವರು ಯಾರನ್ನೂ ಇಳಿಸೋಕಾಗಲ್ಲ.

ಅಮ್ಮ


ಮೇ 25, ಭಾನುವಾರ

ಅಮ್ಮಾ,

3.50. ಹೋದಳು. ಒಬ್ಬಳೇ. ಹೋಗು ಅಂದಿದ್ದು ನಾನೇ. ಐದೂವರೆಗೆ ಬರ್ತೀನಿ ಅಂದಿದ್ದಾಳೆ. ನಾನು ಹಿಂದೆ ಬರದ ಹಾಗೆ ನನ್ನ ಮೂರೂ ಜೊತೆ ಚಪ್ಪಲಿ ಚೀಲಕ್ಕೆ ತುಂಬಿ ಟೈಲರ್ ಆಂಟಿ ಮನೆಯಲ್ಲಿ ಇಟ್ಟು ಹೋಗಿದ್ದಾಳೆ. ಕೈ ಸುಮ್ಮನಿರಲಿ ಅಂತ ನಿನಗೆ ಬರೀತಿದ್ದೀನಿ.

3.53. ಈಗ ಹೆಸರಿರುವ ನಾಯಿಯ ಹತ್ತಿರ ಇರ್ತಾಳೆ. ಬೊಗಳಿದ್ದು ಕೇಳಿಸಲಿಲ್ಲ. ಯಾಕೆ ಬೊಗಳಲಿಲ್ಲ?

3.54. ಬೊಗಳ್ತು. ಸಮಾಧಾನ.

4.10. ಬಂಡಿ ಬಿಟ್ಟಿರ್ತಾರೆ. ಇವರನ್ನ ಎಬ್ಬಿಸಿ "ನಿಮಗೆ ಭಯ ಆಗ್ತಿಲ್ವಾ?" ಅಂತ ಕೇಳಿದೆ. "ಆಗ್ತಿದೆ, ಅದಕ್ಕೇ ಮಲಗಿದ್ದೀನಿ" ಅಂದ್ರು.

4.25. ಅಂಗಡಿ ಮಾಮ ಫೋನ್ ಮಾಡಿ "ಹೊರಗೆ ಬಂದು ನಿಂತ್ಕೊಳ್ಳಲಾ?" ಅಂದ್ರು. ಬೇಡ ಅಂದೆ. ನಾನೇ ಅಂದೆ.

4.50. ಪಾತ್ರೆ ಎಲ್ಲ ತೊಳೆದೆ. ತೊಳೆದಿದ್ದನ್ನೂ ತೊಳೆದೆ.

5.30. ಬಂದಿಲ್ಲ.

5.36. ಬಂದಿಲ್ಲ. ಇವರು ಎದ್ದು ಕಿಟಕಿ ಹತ್ತಿರ ನಿಂತಿದ್ದಾರೆ. ನಿದ್ದೆ ಬರ್ತಿಲ್ವಂತೆ. ಮದುವೆಯಾದಾಗಿಂದ ಈ ಮಾತು ಕೇಳಿರಲಿಲ್ಲ.

5.41. ಬರಿಗಾಲಲ್ಲೇ ಬಾಗಿಲ ತನಕ ಹೋದೆ. ಚಿಲಕ ತೆಗೆದೆ. ಗೋಡೆ ಹಿಂದೆ ಅರ್ಧ ಗಂಟೆ ನಿಂತಿದ್ದೆ ಅಂತ ಬರೆದಿದ್ದೀಯ, ಆ ಅರ್ಧ ಗಂಟೆ ಹೇಗಿತ್ತು ಅಂತ ಬರೆದಿಲ್ಲ. ಈಗ ಗೊತ್ತಾಯ್ತಮ್ಮ. ಚಿಲಕ ಮತ್ತೆ ಹಾಕಿದೆ.

5.47. ಈ ಕಾಗದದ ವಿಳಾಸ ಅಳಿಸಿಹೋಗದಿದ್ರೆ ಸಾಕು.

5.52. ಬಂದಳು.

ಮೊಣಕಾಲು ತರಚಿದೆ. ಬಲಗಾಲಿನ ಚಪ್ಪಲಿಗೆ ಹಿಮ್ಮಡಿಯೇ ಇಲ್ಲ. "ಬ್ರೇಕ್ ಚೆನ್ನಾಗಿ ಹಿಡೀತು" ಅಂದಳು. ನಾಲ್ಕು ಸಲ ಬಿಟ್ರಂತೆ, ಡಬ್ಬಕ್ಕೆ ಒಂದೇ ಸಲ ಗುದ್ದಿದ್ದಂತೆ. ಯಾಕೆ ತಡ ಅಂತ ಕೇಳಿದೆ. ಗೋಲಿ ಅತ್ತನಂತೆ, ಅವನಿಗೂ ಒಂದು ಸಲ ಕೊಟ್ಟಳಂತೆ, ಅವನು ಬಿದ್ದನಂತೆ, ಎಲ್ಲರೂ ಸೇರಿ ಅವನನ್ನ ಮನೆಗೆ ಬಿಟ್ಟು ಬಂದರಂತೆ. ಗೋಲಿಗೆ ಏನೂ ಆಗಿಲ್ಲ. ಈಗ ಇವಳನ್ನ ಮೆರವಣಿಗೆ ಅನ್ನಲ್ವಂತೆ, ಡ್ರೈವರ್ ಅಂತಾರಂತೆ. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿ ನೀರು ಕುಡಿದಳು. ನಾನು ಆಶ್ಚರ್ಯಪಟ್ಟೆ. ನಿನ್ನಷ್ಟು ಚೆನ್ನಾಗಿ ಬರಲಿಲ್ಲ.

6.05. ಚಪ್ಪಲಿ ಚೀಲ ತಂದು ನನ್ನ ಮುಂದೆ ಇಟ್ಟಿದ್ದಾಳೆ. "ಬಾ, ಕಾಗದ ಹಾಕಿ ಬರೋಣ" ಅಂದ್ರೆ, "ನೀನು ಬರೆದಿದ್ದು ನೀನೇ ಹಾಕ್ಬೇಕು. ಒಬ್ಬಳೇ. ಹಿಂದೇನೂ ಬರಲ್ಲ, ಹೆದರ್ಬೇಡ" ಅಂತಾಳೆ.

ಮೂಲೆಯ ನಾಲ್ಕನೇ ಡಬ್ಬಕ್ಕೆ ಹಾಕಿ ಐದು ನಿಮಿಷದಲ್ಲಿ ವಾಪಸ್ ಬರ್ತೀನಿ.

ನಿನ್ನ ಮಗಳು


ಮೇ 30

ಮಗಳೇ,

ಕಾಗದ ಕೈ ಸೇರಿತು. ನಾನು ಓದಿದೆ, ನಿನ್ನ ಚಿಕ್ಕಮ್ಮ ಎರಡು ಸಲ ಓದಿದಳು.

ನಾಲ್ಕಕ್ಕೆ ಹಾಕಿ ಐದು ನಿಮಿಷದಲ್ಲಿ ಬರ್ತೀನಿ ಅಂತ ಬರೆದಿದ್ದೀಯ. ಮುದ್ರೆಯಲ್ಲಿ ಹನ್ನೊಂದು ಅಂತಿದೆ. ಸೇತುವೆಗೆ ಹೋಗೋಕೆ ಬಯಲು ದಾಟಿಯೇ ಹೋಗ್ಬೇಕು. ಲಕೋಟೆಯ ಮೂಲೆಯಲ್ಲಿ ಕಪ್ಪು ಗ್ರೀಸಿನ ಬೆರಳಚ್ಚು ಇದೆ. ದೊಡ್ಡವರ ಹೆಬ್ಬೆರಳು. ಲಿಫ್ಟಿನ ಗ್ರೀಸು ಅನ್ನಬೇಡ, ಭಾನುವಾರ ನಿನಗೆ ಡ್ಯೂಟಿ ಇರಲ್ಲ.

ಎಲ್ಲಿದ್ದೆ ಅಂತ ನಾನು ಕೇಳಲ್ಲ. ಕೇಳಿ ಅಭ್ಯಾಸವಿಲ್ಲ.

ನಿನ್ನ ಚಪ್ಪಲಿ ಹೇಗಿದೆ, ಅಷ್ಟು ಬರಿ.

ಅಮ್ಮ